ಆಟೋಮ್ಯಾಟಿಕ್ ಗಾಡಿ ಲಿವರ್ ಪಿ (ಪಾರ್ಕಿಂಗ್) ಬಿಟ್ಟು ಬರವಲ್ದು, ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಸ್ಬೇಕಂತಾನ. ಅರ್ಜೆಂಟ್!!

ನವನಗರ_ಸೆಡಾನ್ (ಬಾಗಲಕೋಟೆ):
ನಮಸ್ಕಾರ್ರಿ ಎಲ್ಲಾರಿಗೂ. ಎರಡ ದಿನ ಆತು ತಲಿ ಕೆಟ್ಟ ಹೋಗೈತಿ. ಗಾಡಿ ಸ್ಟಾರ್ಟ್ ಆಗ್ತೈತಿ, ಇಂಜಿನ್ ಮಸ್ತ್ ಐತಿ, ಆದ್ರ ಗೇರ್ ಲಿವರ್ ಪಿ ಬಿಟ್ಟು ಒಂದ ಇಂಚೂ ಸರಿಯವಲ್ದು. ಬ್ರೇಕ್ ತುಳದೆ, ಬಟನ್ ಒತ್ತಿ ಜಗ್ಗಿದೆ, ಬೈದೆ, ಏನೂ ಇಲ್ಲ. ಮೊನ್ನೆ ರಾತ್ರಿ ಮುಧೋಳದಿಂದ ಬಂದು ಮನಿ ಮುಂದ ನಿಲ್ಸಿದ್ದೆ, ಆವಾಗ ಚಲೋನ ಇತ್ತು. ಒಬ್ಬ ಮೆಕ್ಯಾನಿಕ್ ಬಂದು ಎರಡ ಸಲ ಜಗ್ಗಿ ನೋಡಿ, ಗೇರ್‌ಬಾಕ್ಸ್ ಇಳಸ್ಬೇಕು, 40 ಸಾವಿರ ಹಿಡೀರಿ ಅಂದ. ಗಾಡಿ ಮಾರಿದ್ರ ಅಷ್ಟ ಬರತೈತೋ ಇಲ್ಲೋ. ಫೋಟೋ ಹಾಕೀನಿ, ನೋಡಿ ಹೇಳ್ರಿ.

ಎಟಿಎಫ್_ಕಾಕಾ (ಬೆಳಗಾವಿ):
ಗೇರ್ ಎಣ್ಣಿ ಕಡೀಕ ಯಾವಾಗ ಬದಲಿ ಮಾಡೀರಿ? ಮೊದ್ಲ ಅದನ್ನ ಹೇಳ್ರಿ.

ಗುಮ್ಮಟ_ರೈಡರ್ (ವಿಜಯಪುರ):
ಅಣ್ಣಾರ, ಯಾವ ಗಾಡಿ, ಯಾವ ವರ್ಷದ್ದು ಅಂತನ ಹೇಳಿಲ್ಲ ನೀವು. ಫೋಟೋದಾಗ ಒಂದ ಲಿವರು, ಒಂದ ಒಣಗಿದ ನಿಂಬಿಹಣ್ಣು ಬಿಟ್ರ ಏನೂ ಕಾಣವಲ್ದು.

ನವನಗರ_ಸೆಡಾನ್:
2005ರ ಪೆಟ್ರೋಲ್, 4 ಸ್ಪೀಡು. ಲಿವರ್ ನೋಡಿದ್ರ ಗೊತ್ತಾಗ್ತೈತಿ ಅನ್ಕೊಂಡಿದ್ದೆ. ಎಣ್ಣಿ ನಾ ತೊಗೊಂಡ ಮ್ಯಾಲ ಬದ್ಲಿಸಿಲ್ಲ, ನಾಕ ವರ್ಷ ಆತು.

ಎಟಿಎಫ್_ಕಾಕಾ:
ನೋಡ್ರಿ, ಸಿಕ್ತು. ನಾಕ ವರ್ಷ! ಡಿಪ್‌ಸ್ಟಿಕ್ (ಎಣ್ಣಿ ಅಳಿಯೋ ಕಡ್ಡಿ) ತಗ್ದು ಬಿಳೆ ಅರಬಿ ಮ್ಯಾಲ ಒರಸ್ರಿ. ಕೆಂಪಗಿದ್ರ ಚಲೋ, ಕರ್ರಗಾಗಿ ಸುಟ್ಟ ವಾಸನಿ ಬಂದ್ರ ಮುಗೀತು. ನನ್ನ ಗಾಡಿಗೆ ನಾ 40 ಸಾವಿರ ಕಿಲೋಮೀಟರಿಗೊಮ್ಮೆ ತಪ್ಪದ ಹಾಕಸ್ತೇನಿ, ಚೋರ್ಲಾ ಘಾಟ ಇಳ್ದು ಗೋವಾಕ್ಕ ಹೋಗಿ ಹೊಳ್ಳಿ ಬಂದ್ರೂ ಗೇರ್ ಬೆಣ್ಣಿ ಹಂಗ ಬೀಳ್ತೈತಿ.

ಗುಮ್ಮಟ_ರೈಡರ್:
ಕಾಕಾ, ಎಣ್ಣಿ ಹಾಳಾದ್ರ ಗೇರ್ ಜರ್ಕ್ ಹೊಡೀತೈತಿ, ಸ್ಲಿಪ್ ಆಗ್ತೈತಿ. ಲಿವರ್ ಯಾಕ ಲಾಕ್ ಆಗ್ತೈತ್ರಿ? ನನಗ ಅನ್ನಿಸೂದು ಇನ್ಹಿಬಿಟರ್ ಸ್ವಿಚ್, ಅಂದ್ರ ಗೇರಿನ್ಯಾಗ ಇದ್ದಾಗ ಗಾಡಿ ಸ್ಟಾರ್ಟ್ ಆಗದಂಗ ತಡಿಯೋ ಸ್ವಿಚ್. ನನ್ನ ಗಾಡ್ಯಾಗ ಪಿ ಒಳಗ ಸೆಲ್ಫ್ ಹೊಡೀತಿರ್ಲಿಲ್ಲ, ಎನ್‌ಗೆ (ನ್ಯೂಟ್ರಲ್) ಹಾಕಿದ್ರ ಹೊಡೀತಿತ್ತು.

ಎಟಿಎಫ್_ಕಾಕಾ:
ಅವ್ರ ಗಾಡಿ ಪಿ ಒಳಗ ಸ್ಟಾರ್ಟ್ ಆಗಾಕತ್ತೈತಿ ಅಂತ ಬರದಾರ, ಓದ್ರಿ. ಇನ್ಹಿಬಿಟರ್ ಹೆಂಗಾಗ್ತೈತಿ? ಎಣ್ಣಿನ ಅದು.

ಉದ್ಯಮಬಾಗ್_ಲೇಥ್ (ಬೆಳಗಾವಿ):
ಕೇಬಲ್ ಬುಶ್ ನೋಡೀರೇನು? ಹಳೇ ಗಾಡ್ಯಾಗ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗೋ ಕೇಬಲ್ ತುದಿಯೊಳಗ ಪ್ಲಾಸ್ಟಿಕ್ ಬುಶ್ ಇರ್ತೈತಿ, ಬಿಸಿಲಿಗೆ ಬಿಸ್ಕೀಟ ಹಂಗ ಪುಡಿ ಆಗ್ತೈತಿ. ನಮ್ಮ ದೋಸ್ತನ ಗಾಡಿದು ಹ್ವಾದಾಗ ಕಂಪನ್ಯಾಗ ಬರೀ ಬುಶ್ ಸಿಗಂಗಿಲ್ಲ, ಪೂರಾ ಕೇಬಲ್ ತೊಗೋರಿ ಅಂದ್ರು. ನಾನ ನೈಲಾನ್ ರಾಡ್ ತಂದು ಊಟದ ಹೊತ್ತಿನ್ಯಾಗ ಟರ್ನ್ ಮಾಡಿ ಕೊಟ್ಟೆ, ಮೂರ ವರ್ಷ ಆತು, ಇನ್ನೂ ಗಟ್ಟಿ ಐತಿ. ಅಳತಿ ಕಳಸ್ರಿ, ಮಾಡಿ ಕೊಡ್ತೇನಿ.

ಗುಮ್ಮಟ_ರೈಡರ್:
ಬುಶ್ ಹ್ವಾದ್ರ ಲಿವರ್ ಬಿಗಿ ಆಗಂಗಿಲ್ಲ, ಸಡಲ್ ಆಗ್ತೈತಿ. ಡಿಗೆ (ಡ್ರೈವ್) ಹಾಕಿದ್ರೂ ಗಾಡಿ ನಿಂತಲ್ಲೇ ನಿಂತಿರ್ತೈತಿ.

ಉದ್ಯಮಬಾಗ್_ಲೇಥ್:
ಅದೂ ಖರೇನ. ಆದ್ರ ಬುಶ್ ಮಾತ್ರ ಮಸ್ತ್ ಮಾಡಿದ್ದೆ ಬಿಡ್ರಿ.

ವಿದ್ಯಾಗಿರಿ_ವೈರಮನ್ (ಬಾಗಲಕೋಟೆ):
ಇಷ್ಟೊತ್ತನ ಯಾರೂ ಕೇಳಿಲ್ಲಲ್ಲ, ಬ್ರೇಕ್ ತುಳದ್ರ ಹಿಂದ ಲೈಟ್ ಹತ್ತತಾವೇನು?

ನವನಗರ_ಸೆಡಾನ್:
ಲಿವರ್ ಸಮಸ್ಯೆ ಕೇಳಿದ್ರ ಲೈಟಿಂದು ಕೇಳ್ತೀರಲ್ರೀ. ಲೈಟಿಗೂ ಗೇರಿಗೂ ಏನ್ ಸಂಬಂಧ?

ವಿದ್ಯಾಗಿರಿ_ವೈರಮನ್:
ಸಂಬಂಧ ಅದರಾಗ ಐತಿ. ಪೆಡಲ್ ಮ್ಯಾಲ ಒಂದ ಸಣ್ಣ ಸ್ವಿಚ್ ಇರ್ತೈತಿ. ಬ್ರೇಕ್ ತುಳದ್ರ ಅದ ಸ್ವಿಚ್ಚಿನಿಂದ ಹಿಂದ ಲೈಟಿಗೂ ಕರೆಂಟ್ ಹೋಗ್ತೈತಿ, ಲಿವರ್ ಬುಡದಾಗಿನ ಸೊಲೆನಾಯ್ಡಿಗೂ (ಕರೆಂಟಿನಿಂದ ಲಾಕ್ ಬಿಡಸೋ ಸಣ್ಣ ಮ್ಯಾಗ್ನೆಟ್) ಬ್ರೇಕ್ ತುಳದಾರ ಅಂತ ಸುದ್ದಿ ಹೋಗ್ತೈತಿ. ಸುದ್ದಿ ಮುಟ್ಟಿದ್ರ ಟಕ್ ಅಂತ ಸಣ್ಣ ಸಪ್ಪಳ ಬಂದು ಪಿ ಲಾಕ್ ಬಿಡತೈತಿ. ಬ್ರೇಕ್ ತುಳೀದ ಯಾರೂ ಡಿಗೆ ಹಾಕಬಾರ್ದು ಅಂತ ಮಾಡಿದ್ದು ಅದು. ಇಂಜಿನ್ ಹಚ್ಚಬ್ಯಾಡ್ರಿ, ಚಾವಿ ಆನ್ ಇಟ್ಟು, ಏಸಿ ಟೇಪು ಬಂದ್ ಮಾಡಿ, ಬ್ರೇಕ್ ತುಳ್ದು ಕಿವಿಗೊಟ್ಟು ಕೇಳ್ರಿ. ಹಿಂದ ಹುಡುಗುರ್ನ ನಿಲ್ಲಸ್ರಿ ಲೈಟ್ ನೋಡಾಕ.

ನವನಗರ_ಸೆಡಾನ್:
ಮಗನ್ನ ನಿಲ್ಸಿ ನೋಡಿದೆ. ಲೈಟ್ ಮೂರೂ ಹತ್ತವಲ್ವು, ಟಕ್ಕೂ ಇಲ್ಲ ಏನೂ ಇಲ್ಲ. ಹಂಗ ನೋಡಿದ್ರ ಹಾರ್ನೂ ಬಂದ್ ಆಗೈತಿ, ಆದ್ರ ಅದು ಬ್ಯಾರೆ ಬಿಡ್ರಿ, ಹೋದ ವಾರ ಹೊಸಾದು ಹಾಕ್ಸಿದ್ದೆ, ಡುಪ್ಲಿಕೇಟ್ ಮಾಲ್ ಕೊಟ್ಟಾನ ಅನ್ನಸ್ತೈತಿ.

ವಿದ್ಯಾಗಿರಿ_ವೈರಮನ್:
ಯಪ್ಪಾ, ಇದನ್ನ ಮೊದಲ್ನೇ ಮೆಸೇಜಿನ್ಯಾಗ ಬರಿಬೇಕಿತ್ತಲ್ರೀ! ಹಳೇ ಜಪಾನಿ ಗಾಡಿ ಭಾಳದಾವ್ರಾಗ ಹಾರ್ನಿಗೂ ಬ್ರೇಕ್ ಲೈಟಿಗೂ ಒಂದ ಫ್ಯೂಸ್. ಎಂಥಾ ಹಾರ್ನ್ ಹಾಕ್ಸೀರಿ? ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡೋ ಸ್ವಿಚ್) ಹಾಕ್ಯಾರೇನು?

ನವನಗರ_ಸೆಡಾನ್:
ಡಬಲ್ ಹಾರ್ನು. ರಿಲೇ ಗೊತ್ತಿಲ್ಲ, ಹಳೇ ವೈರಿಗೇ ಹಚ್ಚಿ ಕೊಟ್ಟ. ಹಾಕ್ಸಿದ್ದು ಯಾಕಂದ್ರ ಕಬ್ಬಿನ ಟ್ರ್ಯಾಕ್ಟರ್ ಸಲುವಾಗಿ. ಹಿಂದ ಎರಡ ಟ್ರಾಲಿ, ಮುಂದ ಮನಿ ಕದದಷ್ಟ ದೊಡ್ಡ ಸೌಂಡ್ ಬಾಕ್ಸ್, ಅವ್ರಿಗೆ ನಮ್ಮ ಹಳೇ ಹಾರ್ನ್ ಎಲ್ಲಿ ಕೇಳ್ಬೇಕು? ಆವತ್ತ ರಾತ್ರಿ ಗದ್ದನಕೇರಿ ಕ್ರಾಸ್ ದಾಟಿದ ಮ್ಯಾಲ ಒಂದು ಅಡ್ಡ ಬಂತು. ಬ್ರೇಕೂ ತುಳದೆ, ಹಾರ್ನೂ ಒತ್ತಿ ಹಿಡದೆ. ಆಮ್ಯಾಲ ಹಾರ್ನ್ ಹತ್ತಲಿಲ್ಲ.

ವಿದ್ಯಾಗಿರಿ_ವೈರಮನ್:
ಅಲ್ಲೇ ಸುಟ್ಟೈತಿ. 21 ವ್ಯಾಟಿನ ಎರಡ ಬಲ್ಬಿಗೇ ಮೂರೂವರಿ ಆಂಪ್ ಬೇಕು, ಮ್ಯಾಲ ಡಬಲ್ ಹಾರ್ನ್ ಅಂದ್ರ 15 ಆಂಪಿನ ಫ್ಯೂಸ್ ಎಲ್ಲಿ ತಡೀತೈತಿ? ನಾವಂತೂ ಬ್ರೇಕು ಹಾರ್ನು ಕೂಡೇ ಹೊಡಿಯೋ ಮಂದಿ. ಅಲ್ಲಿಂದ ಬ್ರೇಕ್ ಲೈಟಿಲ್ಲದ ಮನಿ ಮುಟ್ಟೀರಿ, ಹಿಂದಿನವ್ರ ಪುಣ್ಯ. ಫ್ಯೂಸ್ ಬಾಕ್ಸಿನ ಮುಚ್ಚಳದ ಮ್ಯಾಲ ನಂಬರ್ ಇರ್ತೈತಿ, ನೀಲಿ ಬಣ್ಣದ 15 ಹಾಕ್ರಿ. ಗಾಡಿ ಈಗ ಸರಸೂದಿದ್ರ ಲಿವರ್ ಬಾಜೂಕ ಉಗುರಿನಷ್ಟ ಮುಚ್ಚಳ ಇರ್ತೈತಿ, ಹ್ಯಾಂಡ್ ಬ್ರೇಕ್ ಜಗ್ಗಿ, ಬ್ರೇಕ್ ತುಳ್ದು, ಒಳಗ ಸ್ಕ್ರೂಡ್ರೈವರ್ ಒತ್ತಿ ಹಿಡದು ಎನ್‌ಗೆ ತೊಗೋರಿ.

ಎಟಿಎಫ್_ಕಾಕಾ:
ಫ್ಯೂಸ್ ಸಿಗದಿದ್ರ ಹಸರದು 30 ಹಾಕ್ರಿ, ಹೊಳ್ಳಿ ಸುಡೂದಿಲ್ಲ. ನಾ ಹಾಕೀನಿ.

ವಿದ್ಯಾಗಿರಿ_ವೈರಮನ್:
ಕಾಕಾ, ದಯವಿಟ್ಟು ಇಂಥಾದ್ದ ಹೇಳಬ್ಯಾಡ್ರಿ. ಫ್ಯೂಸ್ ಸುಡಲಿಲ್ಲ ಅಂದ್ರ ವೈರ್ ಸುಡತೈತಿ.

ಎಟಿಎಫ್_ಕಾಕಾ:
ಆರ ವರ್ಷ ಆತು, ಏನೂ ಸುಟ್ಟಿಲ್ಲ.

ಗುಮ್ಮಟ_ರೈಡರ್:
ಸುಟ್ಟ ದಿವಸ ಫೋಟೋ ಹಾಕ್ರಿ ಕಾಕಾ.

ನವನಗರ_ಸೆಡಾನ್:
ಹತ್ತ ರೂಪಾಯಿ ಫ್ಯೂಸ್. ಹಾಕಿ ಬ್ರೇಕ್ ತುಳದೆ, ಟಕ್ ಅಂತು, ಲಿವರ್ ಒಂದ ಬೆರಳಿಗೆ ಬಂತು! ವೈರಮನ್ ಅಣ್ಣಾರ, ಕಾಲ ಬೀಳ್ತೇನ್ರಿ. ನಿಂಬಿಹಣ್ಣೂ ಹೊಸಾದು ಕಟ್ಟೀನಿ.

ವಿದ್ಯಾಗಿರಿ_ವೈರಮನ್:
ಹಾರ್ನ್ ಕನೆಕ್ಷನ್ ಬಿಚ್ಚೀರೋ ಇಲ್ಲೋ? ರಿಲೇ ಹಾಕೂ ತನಕ ಒತ್ತಬ್ಯಾಡ್ರಿ. ರಿಲೇಯ ಪಿನ್ನಿಗೆ ನಂಬರ್ ಇರ್ತಾವು, 30ಕ್ಕ ಬ್ಯಾಟರಿಯಿಂದ ಬ್ಯಾರೆ ಫ್ಯೂಸ್ ಹಾಕಿ ಲೈನ್ ತರ್ರಿ, 87ರಿಂದ ಹಾರ್ನಿಗೆ, 85-86ಕ್ಕ ಹಳೇ ಹಾರ್ನಿನ ಎರಡ ವೈರ್.

ನವನಗರ_ಸೆಡಾನ್:
ನಿಮ್ಮ ಮೆಸೇಜ್ ಈಗ ನೋಡಿದೆ. ಸಂಜೀಕ ಮಾರ್ಕೆಟ್ಟಿಗೆ ಹೋಗಿದ್ದೆ, ಒಂದ ಎಮ್ಮಿ ಅಡ್ಡ ಬಂತು. ಗಾಡಿ ಅಲ್ಲೇ ಐತಿ, ಪಿ ಒಳಗ. ಆ ಉಗುರಿನಷ್ಟ ಮುಚ್ಚಳ ಲಿವರಿನ ಎಡಕ್ಕೋ ಬಲಕ್ಕೋ?

ಇಳಕಲ್_ಹೊಸಬ:
ಅಣ್ಣಾರ ನಂದೂ ಪಿ ಬಿಟ್ಟು ಬರವಲ್ದು, ಆದ್ರ ಲೈಟ್ ಹತ್ತತಾವು, ಹಾರ್ನೂ ಐತಿ. ಹೋದ ವಾರ ಲಿವರ್ ಮ್ಯಾಲ ಚಾ ಚೆಲ್ಲಿತ್ತು, ಅದಕ್ಕೇನರ ಸಂಬಂಧ ಇರ್ತೈತೇನ್ರಿ?