ಮಾರುತಿ 800 ಟಕಟಕ ಸದ್ದು, ಇಂಜಿನ್ ಬಿಚ್ಚಿಸ್ಲೇಬೇಕಾ?

ಪ್ರಶ್ನೆ (ತೀರ್ಥಹಳ್ಳಿ): ನಮಸ್ಕಾರ, ಅಪ್ಪಯ್ಯ ತಗೊಂಡಿದ್ ಮಾರುತಿ 800 ಇದೆ, 2006 ಮಾಡೆಲ್ಲು, ಎಂಪಿಎಫ್‌ಐ (ಕಾರ್ಬುರೇಟರ್ ಬದ್ಲು ಇಂಜೆಕ್ಟರಲ್ಲಿ ಪೆಟ್ರೋಲ್ ಚಿಮ್ಮಿಸೋದು). ಹದಿನೈದ್ ದಿನದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ ಕೂಡ್ಲೇ ಟಕ್ ಟಕ್ ಟಕ್ ಅಂತಿದೆ, ಮೊನ್ನೆ ಉಡುಪಿಯಿಂದ ಬರೋವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತೋವಾಗ್ಲೂ ಕೇಳ್ತು. ಇಲ್ಲೊಂದ್ ಗ್ಯಾರೇಜಲ್ಲಿ ಬಾನೆಟ್ ಎತ್ತಿ ಒಂದ್ ನಿಮಿಷ ಕೇಳಿ ಬೇರಿಂಗ್ ಹೋಗಿದೆ, ಇಂಜಿನ್ ಇಳಿಸ್ಬೇಕು, 35 ಸಾವಿರ ಅಂದ್ಬಿಟ್ರು. ಅಷ್ಟು ದುಡ್ಡು ಹಾಕೋ ಮುಂಚೆ ನಾನೇ ಎಂತಾರು ನೋಡ್ಬೌದಾ?

ಉತ್ತರ (ಮೆಕ್ಯಾನಿಕ್, ಶಿವಮೊಗ್ಗ): ನೋಡ್ಬೌದು, ನೋಡ್ಲೇಬೇಕು. ಒಂದ್ ನಿಮಿಷ ಕೇಳಿ ಬೇರಿಂಗ್ ಅಂತ ಹೇಳೋಕಾಗಲ್ಲ ಮಾರಾಯ್ರೆ, ಟ್ಯಾಪೆಟ್ಟು (ವಾಲ್ವ್ ಒತ್ತೋ ಭಾಗ), ಸೈಲೆನ್ಸರ್ ಪೈಪಿನ ಲೀಕು, ಆಲ್ಟರ್ನೇಟರ್ ಬೇರಿಂಗು ಎಲ್ಲಾನೂ ಟಕಟಕ ಅಂತಾನೇ ಕೇಳೋದು. ಮೊದ್ಲು ಗಾಡಿ ಸಮ ಜಾಗದಲ್ಲಿ ನಿಲ್ಸಿ, ಇಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ, ಕಮ್ಮಿ ಇದ್ರೆ ಹಾಕಿ. ಆಮೇಲೆ ಅದೇ ಆಯಿಲ್ ಎರಡ್ ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡೀರಿ, ಕಪ್ಪಿದ್ರೆ ಪರವಾಗಿಲ್ಲ, ಬೆಳ್ಳಿ ಹುಡಿ ಥರ ಸಣ್ಣಗೆ ಮಿಂಚಿದ್ರೆ ಲೋಹ ಸವೀತಿದೆ ಅಂತ ಅರ್ಥ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಸ್ಟಾರ್ಟ್ ಆದ್ಮೇಲೂ ಉರೀತಿದ್ರೆ ಮಾತ್ರ ಆ ಕ್ಷಣಾನೇ ಆಫ್ ಮಾಡಿ, ಓಡಿಸ್ಬೇಡಿ. ಇನ್ನೊಂದು, ಬಿಸಿ ಆದ್ಮೇಲೆ ಸದ್ದು ಜಾಸ್ತಿ ಆಗುತ್ತಾ ಕಮ್ಮಿ ಆಗುತ್ತಾ? ಇದೊಂದು ಸರಿಯಾಗಿ ಗಮನಿಸಿ ಹೇಳಿ.

ತೀರ್ಥಹಳ್ಳಿ: ಆಯಿಲ್ ಎರಡು ಗುರ್ತಿನ ಮಧ್ಯ ಇದೆ, ಮಿಂಚ್ತಿಲ್ಲ. ಲೈಟ್ ಆರುತ್ತೆ. ಕುರುವಳ್ಳಿ ದಾಟೋಷ್ಟರಲ್ಲಿ ಸದ್ದು ಮುಕ್ಕಾಲು ಭಾಗ ಕಮ್ಮಿ, ಏರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಮತ್ತೆ ಬರುತ್ತೆ.

ಮೆಕ್ಯಾನಿಕ್: ಒಳ್ಳೆ ಸುದ್ದಿ. ಕನೆಕ್ಟಿಂಗ್ ರಾಡ್ (ಪಿಸ್ಟನ್ನಿಂದ ಕ್ರ್ಯಾಂಕಿಗೆ ಹೋಗೋ ಸರಳು) ಬೇರಿಂಗ್, ಅಂದ್ರೆ ಗ್ಯಾರೇಜವ್ರು ಹೇಳಿದ್ದು, ಹೋಗಿದ್ರೆ ಬಿಸಿ ಆದಂಗೂ ಆಯಿಲ್ ತೆಳ್ಳಗಾಗಿ ಸದ್ದು ಜೋರಾಗುತ್ತೆ, ಅದೂ ಟಕ್ ಟಕ್ ಅಲ್ಲ, ಒಳಗಿಂದ ಒನಕೇಲಿ ಕುಟ್ಟಿದಂಗೆ ದಬ್ ದಬ್. ನಿಮ್ದು ಉಲ್ಟಾ ಇದೆ. ಇದು 3 ಸಿಲಿಂಡರಿನ ಗಾಡಿ, ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಇಂಜೆಕ್ಟರ್ (ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸೋದು) ಸಾಕೆಟ್ ಒಂದೊಂದಾಗಿ ಕಳಚಿ, ಯಾವ ಸಿಲಿಂಡರ್ ನಿಂತಾಗ ಸದ್ದು ಬದಲಾಗುತ್ತೆ ಅಂತ ನಾಕೈದು ಸೆಕೆಂಡ್ ಕೇಳಿ ವಾಪಸ್ ಹಾಕಿ. ಪ್ಲಗ್ ವೈರ್ ಎಳೀಬೇಡಿ, ಶಾಕ್ ಹೊಡಿಯುತ್ತೆ. ಚೆಕ್ ಇಂಜಿನ್ ಲೈಟ್ ಬಂದ್ರೆ ಹೆದರ್ಬೇಡಿ. ಬೆಲ್ಟಿಗೆ ಶಾಲು, ಅಂಗಿ ತೋಳು ಸಿಗ್ದಂಗೆ ನೋಡ್ಕೊಳಿ.

ತೀರ್ಥಹಳ್ಳಿ: ಒಂದು, ಎರಡು ತೆಗೆದ್ರೆ ವ್ಯತ್ಯಾಸ ಇಲ್ಲ. ಮೂರನೇದು ತೆಗೆದ್ ಕೂಡ್ಲೇ ಸದ್ದು ನಿಂತೇ ಹೋಯ್ತು! ಗ್ಯಾರೇಜವ್ರು ಹಂಗಾದ್ರೆ ಬೇರಿಂಗೇ ಅಂತಾರೆ, ನಿಜವಾಗ್ಲೂ ಭಯ ಆಗ್ತಿದೆ.

ಮೆಕ್ಯಾನಿಕ್: ಇಲ್ಲೇ ತುಂಬಾ ಜನ ಎಡವೋದು. ಆ ಸಿಲಿಂಡರಲ್ಲಿ ಪೆಟ್ರೋಲ್ ಉರೀಲಿಲ್ಲ ಅಂದ್ರೆ ಬೇರಿಂಗ್ ಮೇಲಿನ ಹೊಡೆತ ನಿಲ್ಲೋದು ನಿಜ, ಆದ್ರೆ ಹೊಗೆ ಹೊರಗೆ ನುಗ್ಗೋ ರಭಸಾನೂ ಕಮ್ಮಿ ಆಗುತ್ತೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರಿನ ಹೊಗೆ ಹೊರಗೆ ಒಯ್ಯೋ ಪೈಪು) ಇಂಜಿನ್ನಿಗೆ ಕೂರೋ ಕಡೆ ಹಾಕಿರೋ ಗ್ಯಾಸ್ಕೆಟ್, ಅಂದ್ರೆ ಲೀಕ್ ಆಗ್ದಂಗೆ ತಡೆಯೋ ಪಟ್ಟಿ, ಹೋಗಿದ್ರೂ ಇದೇ ಥರ ನಿಲ್ಲುತ್ತೆ, ಲೋಹ ಬಿಸಿಗೆ ಹಿಗ್ಗಿ ಸಂದಿ ಮುಚ್ಕೊಂಡಾಗ ಸದ್ದು ಇಳಿಯುತ್ತೆ, ಏರಲ್ಲಿ ಒತ್ತಡಕ್ಕೆ ಮತ್ತೆ ಪಿಚಕ್ ಅನ್ನುತ್ತೆ. ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡೀತಿದ್ರೂ ಹಿಂಗೇ ಇರುತ್ತೆ, ಹಾಗಾಗಿ ಕಣ್ಣಲ್ಲಿ ನೋಡೋದು ಮುಖ್ಯ. ಇಂಜಿನ್ ತಣ್ಣಗಾದ್ಮೇಲೆ ಮ್ಯಾನಿಫೋಲ್ಡ್ ಮೇಲಿನ ತಗಡು ಬಿಚ್ಚಿ ಮೂರನೇ ಸಿಲಿಂಡರ್ ಹತ್ರ ಟಾರ್ಚ್ ಬಿಟ್ಟು ನೋಡಿ.

ತೀರ್ಥಹಳ್ಳಿ: ಸರ್!! ಗ್ಯಾಸ್ಕೆಟ್ ಅಂಚಿಂದ ಇಂಜಿನ್ ಹೆಡ್ (ಮೇಲ್ಭಾಗ) ಮೇಲೆ ಬೆರಳಗಲ ಕಪ್ಪು ಮಸಿ, ಸೌದೆ ಒಲೆ ಮೇಲಿನ ಗೋಡೆ ಥರ. ಅಲ್ಲೇ ಒಂದು ನಟ್ಟು ಕೈಯಲ್ಲೇ ತಿರುಗ್ತಿದೆ.

ಮೆಕ್ಯಾನಿಕ್: ಸಿಕ್ತು ನೋಡಿ. ಗ್ಯಾಸ್ಕೆಟ್ ಅಂದ್ರೆ ನೂರರ ಲೆಕ್ಕದ ಸಾಮಾನು, ಸಾವಿರದ್ದಲ್ಲ. ಬರೀ ನಟ್ ಬಿಗಿ ಮಾಡಿ ಬಿಟ್ಬಿಡ್ಬೇಡಿ, ಸುಟ್ಟ ಗ್ಯಾಸ್ಕೆಟ್ ಮತ್ತೆ ಕೂರಲ್ಲ. ಬಿಚ್ಚೋದು ಮಾತ್ರ ನಿಧಾನಕ್ಕೆ, ನಮ್ ಮಲೆನಾಡಿನ ಮಳೇಲಿ ಆ ಸ್ಟಡ್‌ಗಳು (ನಟ್ ಕೂರೋ ಬೋಲ್ಟ್‌ಗಳು) ತುಕ್ಕು ಹಿಡಿದಿರ್ತವೆ, ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ, ಬಲ ಹಾಕಿ ಒಳಗೇ ಮುರಿದ್ರೆ ಡ್ರಿಲ್ ಮಾಡಿ ತೆಗೆಯೋ ಕೆಲಸ, ಅದು ದುಡ್ಡು ತಿನ್ನುತ್ತೆ. ಮ್ಯಾನಿಫೋಲ್ಡ್ ಮುಖ ಡೊಂಕಾಗಿದೆಯಾ ಅಂತ ಸ್ಕೇಲ್ ಇಟ್ಟು ನೋಡೋಕೆ ಹೇಳಿ. ಗ್ಯಾಸ್ಕೆಟ್ ಹಾಕೋವರ್ಗೂ ಮಳೆ ಅಂತ ಗ್ಲಾಸ್ ಪೂರ್ತಿ ಏರಿಸ್ಕೊಂಡು ಓಡಿಸ್ಬೇಡಿ, ಆ ಹೊಗೆ ಒಳಗೆ ಬರ್ಬೌದು, ಅದ್ರಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇರಲ್ಲ. ಮಕ್ಕಳನ್ನ ಕೂರಿಸ್ಕೊಂಡಂತೂ ಬೇಡ.

ಸಾಗರದ ಇನ್ನೊಬ್ರು: ನಂದು ಹಳೇ ಆಲ್ಟೊ, ಮಳೆ ಬಂದ ಬೆಳಿಗ್ಗೆ ಕೀಂಯ್ ಅಂತ ಕಿರುಚುತ್ತೆ, ಇದೂ ಅದೇನಾ?

ಮೆಕ್ಯಾನಿಕ್: ಅಲ್ಲ, ನಿಮ್ದು ಬೆಲ್ಟ್ ಇರ್ಬೇಕು. ಕಿರುಚೋವಾಗ ಬೆಲ್ಟಿಗೆ ದೂರದಿಂದ ಒಂಚೂರು ನೀರು ಚಿಮುಕಿಸಿ, ಸದ್ದು ಬದಲಾದ್ರೆ ಬೆಲ್ಟೇ. ಸಡಿಲಾಗಿದ್ರೆ ಬಿಗಿ ಮಾಡಿಸಿ, ಒಳಮುಖ ಸೀಳಿದ್ರೆ ಬದಲಾಯಿಸಿ.

ತೀರ್ಥಹಳ್ಳಿ: ಗ್ಯಾಸ್ಕೆಟ್ ಹಾಕಿಸ್ದೆ. ಒಂದು ಸ್ಟಡ್ ಬದಲಾಯಿಸ್ಬೇಕಾಯ್ತು, ಎಲ್ಲಾ ಸೇರಿ 1,400 ರೂಪಾಯಿ. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಪ್ಪಯ್ಯ ಜಗಲೀಲಿ ಕೂತವ್ರು ಗಾಡಿ ಸ್ಟಾರ್ಟ್ ಆಯ್ತಾ ಅಂತ ಕೇಳಿದ್ರು.