ಸಹಾಯ ಬೇಕು: ಮತಗಟ್ಟೆ ಸ್ವಯಂಸೇವಕರ ಕೈಪಿಡಿ ನೋಡಿಕೊಡಿ

ನಮಸ್ಕಾರ. ಅಂಗವಿಕಲ ಮತದಾರರ ಜೊತೆ ನಡೆದುಕೊಳ್ಳುವ ಬಗ್ಗೆ ಎರಡು ಪುಟದ ಕೈಪಿಡಿ ಮಾಡ್ತಿದ್ದೇವೆ. ಅಂಧರ ಭಾಗ ಮುಗಿದಿದೆ: ಮೊದಲು ನಿಮ್ಮ ಹೆಸರು ಹೇಳಿ, ಸಹಾಯ ಬೇಕಾ ಅಂತ ಕೇಳಿ. ಬೇಕೆಂದರೆ ಮೊಣಕೈ ಕೊಡಿ, ಅವರೇ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಕೋಲು ಹಿಡಿದು ಎಳೆದರೆ ಅವರಿಗೆ ಹೊಸ್ತಿಲು, ಮೆಟ್ಟಿಲು ಗೊತ್ತಾಗುವುದಿಲ್ಲ. ಮತಯಂತ್ರದಲ್ಲಿ ಬ್ರೈಲ್ ಅಂಕಿ ಇದೆ. ಜೊತೆಗಾರ ಬೇಕಿದ್ದರೆ 18 ತುಂಬಿರಬೇಕು, ದಿನಕ್ಕೆ ಒಬ್ಬ ಮತದಾರರಿಗಷ್ಟೇ ಜೊತೆಯಾಗಬಹುದು.

ಎದುರಿಗಿರುವವರನ್ನು ಬಿಟ್ಟು ಪಕ್ಕದವರನ್ನು "ಇವರ ಹೆಸರೇನು?" ಅಂತ ಕೇಳುವ ಚಾಳಿ ಎಷ್ಟು ಹೇಳಿದರೂ ಹೋಗಲ್ಲ ನೋಡಿ, ಅದನ್ನು ದಪ್ಪಕ್ಷರದಲ್ಲೇ ಹಾಕಿದ್ದೇವೆ.

ಈಗ ಬೇಕಿರುವುದು ಕಿವುಡರ ಭಾಗ ಓದಲು ಸನ್ನೆ ಭಾಷೆ ಬಳಸುವವರೇ ಇಬ್ಬರು, ವ್ಹೀಲ್‌ಚೇರ್ ಬಳಸುವವರು ಒಬ್ಬರು. ಕಡಿದಾದ ರ್‍ಯಾಂಪಿನಲ್ಲಿ ಗಾಲಿಕುರ್ಚಿಯನ್ನು ಕೇಳಿಯೇ ಮುಟ್ಟಿ, ಹಿಮ್ಮುಖವಾಗಿ ಇಳಿಸಿ ಅಂತ ಬರೆದಿದ್ದೇವೆ. ಬಿಟ್ಟುಹೋದದ್ದಿದ್ದರೆ ಕಾಮೆಂಟಿನಲ್ಲಿ ತಿಳಿಸಿ.