‘ನಾವೆಲ್ಟಿ ಸಾಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಅಮೆರಿಕದ ಜನಪ್ರಿಯ ಸಂಗೀತವನ್ನು ಕುರಿತ ಅನುವಾದವೊಂದು ಸೋಮವಾರ ಅಚ್ಚಿಗೆ ಹೋಗಬೇಕಾಗಿದೆ. ಅದರಲ್ಲಿ ‘ನಾವೆಲ್ಟಿ ಸಾಂಗ್’, ‘ನಾವೆಲ್ಟಿ ಸಿಂಗರ್’ ಎಂಬ ಮಾತುಗಳು ಪದೇ ಪದೇ ಬರುತ್ತವೆ. ‘ನವ್ಯಗೀತೆ’ ಎಂದು ಬರೆದಿದ್ದೆ. ಕರಡು ಓದಿದವರು ಅಡಿಗರ ಕಾಲದ ಕಾವ್ಯವೆಂದು ತಿಳಿದರು. ‘ತಮಾಷೆ’ ಪರಭಾಷೆಯದೆಂದು ಬಿಟ್ಟಿದ್ದೇನೆ. ‘ಮೋಜಿನ ಹಾಡು’ ಆದೀತೆ?

ಉತ್ತರ:

‘ನವ್ಯಗೀತೆ’ ಸರ್ವಥಾ ಸಲ್ಲದು. ಇಲ್ಲಿನ ‘ನಾವೆಲ್ಟಿ’ಯಲ್ಲಿ ಹೊಸತನಕ್ಕಿಂತ ನಮ್ಮ ಪೇಟೆಗಳ ‘ನಾವೆಲ್ಟಿ ಸ್ಟೋರ್ಸ್’ ಫಲಕದ ಅರ್ಥವೇ ಮುಂದಾಗಿದೆ; ಕಂಡೊಡನೆ ಕಣ್ಣರಳಿಸಿ ಕೊಳ್ಳುವ ಚಿಕ್ಕ ವಿಚಿತ್ರ ವಸ್ತು ಅದು. ಹಾಗೆಯೇ ಏನಾದರೊಂದು ವಿಚಿತ್ರದಿಂದ ಬೆರಗನ್ನೂ ನಗೆಯನ್ನೂ ಹುಟ್ಟಿಸುವ ಹಾಡು ‘ನಾವೆಲ್ಟಿ ಸಾಂಗ್’. 1958ರಲ್ಲಿ ರಾಸ್ ಬಗ್ಡಸೇರಿಯನ್ ಅವರು ಡೇವಿಡ್ ಸೆವಿಲ್ ಎಂಬ ಹೆಸರಿನಲ್ಲಿ, ನಿಧಾನವಾಗಿ ಓಡುವ ಟೇಪಿನಲ್ಲಿ ತಮ್ಮ ದನಿಯನ್ನು ಮುದ್ರಿಸಿ, ಅದನ್ನೇ ಇಮ್ಮಡಿ ವೇಗದಲ್ಲಿ ನುಡಿಸಿ, ಮೂರು ಚಿಪ್‌ಮಂಕ್ ಅಳಿಲುಗಳ ಕೀಚುಗೊರಳಿನ ಕ್ರಿಸ್‌ಮಸ್ ಹಾಡನ್ನು ಮಾಡಿದರು. ಮರುವರ್ಷ ನಡೆದ, ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯ ಮೊತ್ತಮೊದಲ ಸಮಾರಂಭದಲ್ಲಿ ಅದಕ್ಕೆ 3 ಪ್ರಶಸ್ತಿಗಳು ಬಂದವು. ಅಲ್ಲಿ ನಗೆಗಿಂತ ಮೊದಲು ಬರುವುದು ಬೆರಗು. ಆದ್ದರಿಂದ ‘ಹಾಸ್ಯಗೀತೆ’ ಅರ್ಧ ಅರ್ಥವನ್ನಷ್ಟೇ ಹೇಳುತ್ತದೆ. ‘ಅಣಕವಾಡು’ ಇನ್ನೂ ಕಿರಿದು, ಏಕೆಂದರೆ ಅಣಕಕ್ಕೆ ಮೂಲವೊಂದು ಬೇಕು. ಮೈಕೇಲ್ ಜಾಕ್ಸನ್ನರ ಹಾಡನ್ನು ಹಿಡಿದು 1984ರಲ್ಲಿ ಅಮೆರಿಕದ ಹಾಸ್ಯಗಾಯಕ ‘ವಿಯರ್ಡ್ ಅಲ್’ ಯಾಂಕೊವಿಕ್ ತಿಂಡಿಯ ಹಾಡು ಕಟ್ಟಿದ್ದು ಅಣಕ, ಅಳಿಲುಗಳದ್ದಲ್ಲ.

ತಾವು ಬಿಟ್ಟ ‘ತಮಾಷೆ’ಯೇ ಸರಿಯಾದ ಪದ. ‘ತಮಾಷೆ ಮಾಡಬೇಡ’ ಎಂಬಲ್ಲಿ ನಗೆಯಿದೆ, ‘ತಮಾಷೆ ನೋಡಲು ಜನ ಸೇರಿದರು’ ಎಂಬಲ್ಲಿ ನೋಟದ ಕುತೂಹಲವಿದೆ. ಎರಡನ್ನೂ ಒಟ್ಟಿಗೆ ಹೊತ್ತ ಬೇರೊಂದು ಪದ ನನಗೆ ಕಾಣುತ್ತಿಲ್ಲ. ಪರಭಾಷೆಯದೆಂಬ ಆಕ್ಷೇಪವಿದ್ದರೆ ‘ಮೋಜು’ ಕೂಡ ಉಳಿಯದು, ಅದು ಅಲೆಯೆಂಬ ಅರ್ಥದ ಅರಬ್ಬಿ ‘ಮೌಜ್’.

‘ನಾವೆಲ್ಟಿ ಸಿಂಗರ್’ ಎಂಬುದನ್ನು ಮಾತ್ರ ಪದಕ್ಕೆ ಪದವಾಗಿ ಅನುವಾದಿಸಬೇಡಿ. ಈ ಹಣೆಪಟ್ಟಿ ಹಾಡಿನದು, ಹಾಡುವವರದಲ್ಲ, ಶೈಲಿಯದೂ ಅಲ್ಲ. ಹಳ್ಳಿಗಾಡಿನ ಕಂಟ್ರಿ ಹಾಡುಗಾರ ಶೆಬ್ ವೂಲಿ 1958ರಲ್ಲಿ ಮನುಷ್ಯರನ್ನು ತಿನ್ನುವ ಅನ್ಯಗ್ರಹ ಜೀವಿಯನ್ನು ಹಾಡಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿದರು. ರಾಕ್ ಅಂಡ್ ರೋಲ್ ಅನ್ನು ಕಟ್ಟಿದವರಲ್ಲಿ ಒಬ್ಬರಾದ ಚಕ್ ಬೆರಿ ಅದೇ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ಒಮ್ಮೆ ಮಾತ್ರ, ಅದೂ 1972ರ ಒಂದು ಪೋಲಿ ತಮಾಷೆಯ ಹಾಡಿನಿಂದ. ಅವರನ್ನು ‘ತಮಾಷೆ ಗಾಯಕ’ ಎಂದು ಕರೆಯಲು ಯಾರು ಒಪ್ಪುತ್ತಾರೆ? ನಮ್ಮಲ್ಲೂ ಹಾಗೆಯೇ: 1978ರಲ್ಲಿ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ತಮಾಷೆ ಹಾಡನ್ನು ಹಾಡಿದ ರಾಜ್‌ಕುಮಾರ್ ಅವರೇ ‘ಜೀವನ ಚೈತ್ರ’ದ ‘ನಾದಮಯ’ಕ್ಕಾಗಿ ಗಾಯಕರೆಂದು ರಾಷ್ಟ್ರಪ್ರಶಸ್ತಿ ಪಡೆದರು.

ಮತ್ತೊಂದು ಉತ್ತರ:

ಬೆಳಗಾವಿ ಕಡೆಯ ಓದುಗರಿಗೆ ‘ತಮಾಷಾ’ ಎಂದರೆ ಲಾವಣಿಯ ರಂಗಪ್ರಕಾರವೇ ಮೊದಲು ನೆನಪಾಗುತ್ತದೆ. ಅಚ್ಚಗನ್ನಡದ ‘ಸೋಜಿಗದ ಹಾಡು’ ಇರುವಾಗ ಕಡ ತರುವ ಅಗತ್ಯವೇನು? ಹೀಗೆ ತಂದು ತಂದೇ ನಮ್ಮ ಮನೆಯ ಪದಗಳು ಮೂಲೆ ಸೇರಿವೆ.

ಮರು ಉತ್ತರ:

‘ಸೋಜಿಗ’ ಅಚ್ಚಗನ್ನಡವಲ್ಲ, ಸಂಸ್ಕೃತದ ‘ಚೋದ್ಯ’ದ ತದ್ಭವ. ಹಳೆಯ ಸಾಲವನ್ನು ಮನೆಯ ಗಂಟೆಂದು ಎಣಿಸಿ, ಅನಂತರದ ಸಾಲವನ್ನು ಮಾತ್ರ ತಿರಸ್ಕರಿಸುವ ನಿಯಮವನ್ನು ನಾನು ಒಪ್ಪಲಾರೆ. ಇದಲ್ಲದೆ ಸೋಜಿಗದಲ್ಲಿ ನಗೆಯಿಲ್ಲ. ಲಾವಣಿಯ ಗೊಂದಲವಾಗದಂತೆ ಮೊದಲ ಬಾರಿ ‘ತಮಾಷೆ ಹಾಡು’ ಎಂದು ಬರೆದಲ್ಲಿ ಅಳಿಲುಗಳ ಉದಾಹರಣೆ ಕೊಟ್ಟರೆ ಸಾಕು. ಸೋಮವಾರಕ್ಕೆ ಕೆಲಸ ಮುಗಿಯುತ್ತದೆ.